ಓದಬ್ಯಾಡ, ನೋಡು

ರಾತ್ರಿ ಹತ್ತಕ್ಕೆ ಲಾಂಡ್ರಿಯ ಬಾಗಿಲಿಗೆ ಅಗುಳಿ ಹಾಕಿ
ಹನ್ನೆರಡು ಯಂತ್ರಗಳ ಹೊಟ್ಟೆ ಬಿಚ್ಚುತ್ತೇನೆ.
ಬಕೆಟ್ಟಿಗೆ ಬೀಳುತ್ತದೆ
ಬ್ಯಾಲರಾಟಿನ ಒಂದು ದಿನದ ಕೊಳೆಯ ಬೆಲೆ,
ಸೋಪಿನ ವಾಸನೆ, ಕೆಲವು ಇನ್ನೂ ಒದ್ದೆ.

ಹೊರಗೆ ಜುಲೈ. ಇಲ್ಲಿ ಜುಲೈ ಅಂದರೆ
ಕಾರಿನ ಗಾಜಿನ ಮೇಲೆ ಅಕ್ಕಿಹಿಟ್ಟು ಚೆಲ್ಲಿದಂಥ ಹಿಮ.
ಹಡಗಿಳಿದು ನಡೆದು ಬಂದವರು ಒಂದು ಕಾಲಕ್ಕೆ
ಈ ನೆಲವನ್ನು ಚಿನ್ನಕ್ಕಾಗಿ ತೋಡಿದರು.
ನಾನು ಬಕೆಟ್ಟು ತೋಡುತ್ತೇನೆ.

ಡಾಲರಿನ ಒಂದು ಕಡೆ ರಾಣಿ, ಇನ್ನೊಂದು ಕಡೆ ಐದು ಕಾಂಗರೂ.
ರಾಣಿಯನ್ನು ನೆಟ್ಟಗೆ ಹಿಡಿದು
ಪುಟ ಮಗುಚಿದ ಹಾಗೆ ಪಕ್ಕಕ್ಕೆ ಹೊರಳಿಸಬೇಕು.
ಕಾಂಗರೂ ಕಾಲ ಮೇಲೆ ನಿಂತಿದ್ದರೆ, ಹೋಗಲಿ ಬ್ಯಾಂಕಿಗೆ.
ತಲೆಕೆಳಗಾಗಿ ಆಕಾಶಕ್ಕೆ ಉದುರುತ್ತಿದ್ದರೆ
ಉಸಿರು ಬಿಗಿಹಿಡಿ:
ಟಂಕಸಾಲೆಯಲ್ಲಿ ಯಾರೋ ಅಚ್ಚನ್ನು ಓರೆಯಾಗಿ ಕೂರಿಸಿ
ಚಹಾಕ್ಕೆ ಎದ್ದುಹೋದ ಗಳಿಗೆ ಅದು.

ಯಂತ್ರಕ್ಕೆ ಇದು ತಿಳಿಯುವುದಿಲ್ಲ.
ಅದಕ್ಕೆ ತೂಕ ಗೊತ್ತು, ಅಳತೆ ಗೊತ್ತು,
ಮುಖ ಗೊತ್ತಿಲ್ಲ.

ಕಲಿಸಿದವ ಟ್ರೆಂಬಾತ್, ಬುಧವಾರದ ಗಿರಾಕಿ,
ಎರಡು ಅಂಗಿ, ಒಂದು ಟವೆಲು, ಹೆಬ್ಬೆರಳಿಗೆ ಉಗುರಿಲ್ಲ.
ನಲವತ್ತು ವರ್ಷದಿಂದ ಊರಿನ ಚಿಲ್ಲರೆ ಮಗುಚುತ್ತಿದ್ದಾನಂತೆ.
ಭೂತಗನ್ನಡಿ ಕೊಟ್ಟ. ಹೇಗೆ ನೋಡಬೇಕೆಂದು ಹೇಳಲು ಬಂದಾಗ
ನಕ್ಕೆ. ಅದು ನನಗೆ ಗೊತ್ತಿತ್ತು.

ಅಪ್ಪ ಗದಗಿನ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ.
ಬಿದ್ದ ಒತ್ತು, ಜಾರಿದ ಸೊನ್ನೆ, ಬಾಲವಿಲ್ಲದ ಐತ್ವ,
ಎಲ್ಲಕ್ಕೂ ಅಂಚಿನಲ್ಲಿ ಕೆಂಪು ಗೀರು.
‘ಓದಬ್ಯಾಡ ನೀಲಾ, ನೋಡು.
ಓದಾಕ ಹತ್ತಿದರ ಕಣ್ಣು ತಾನ ತಿದ್ದಿಕೊಂಡು ಓಡತೈತಿ.’

ಒಮ್ಮೆ ಅವನ ಕಣ್ಣೂ ಓದಿಬಿಟ್ಟಿತು.
ಲಗ್ನಪತ್ರಿಕೆಯಲ್ಲಿ ವಧುವಿನ ಕೊಂಬು ಬಿದ್ದು
‘ವಧ’ ಎಂದು ಅಚ್ಚಾಯಿತು,
ಮೇಲೆ ಗಣಪತಿ, ಸುತ್ತ ಮಾವಿನ ತೋರಣ, ಐನೂರು ಪ್ರತಿ.
ಎರಡು ತಿಂಗಳ ಪಗಾರ ಮುರಿದುಕೊಂಡರು.
ಕಟ್ಟು ಕಟ್ಟಾಗಿ ತಂದು ನೀರೊಲೆಗೆ ಹಾಕಿದ;
ನಾಲ್ಕು ದಿನ ಆ ಮದುವೆಯ ಬಿಸಿನೀರಲ್ಲಿ ಮಿಂದೆವು.
ಒಂದನ್ನು ಮಾತ್ರ ಪಂಚಾಂಗದೊಳಗೆ ಇಟ್ಟುಕೊಂಡಿದ್ದ.
ಯಾಕೆ ಎಂದು ಕೇಳಲಿಲ್ಲ.
ಕೇಳಿದ್ದರೆ ಬೈಯುತ್ತಿದ್ದ.

ಏಳು ವರ್ಷಕ್ಕೆ ನನಗೆ ಸಿಕ್ಕದ್ದು ಎರಡು:
ಓರೆ ಡಾಲರ್ ಒಂದು,
ಮತ್ತೆ, ಇಲಿ ಕಡಿದಂತೆ ಅಂಚು ಹೋದ ಇಪ್ಪತ್ತು ಸೆಂಟು,
ಯಂತ್ರ ಉಗುಳಿ, ಹುಡುಗನೊಬ್ಬ ಒದ್ದು, ಬೆಂಚಿನಡಿಗೆ ಉರುಳಿದ್ದು.
ಗುರುಸಿದ್ಧ ಪಾತ್ರೆ ಉಜ್ಜುತ್ತ ಹೇಳುತ್ತಾನೆ,
‘ಏಳು ವರ್ಷಕ್ಕ ಎರಡs ತಪ್ಪು!
ಇಲ್ಲಿ ಸರ್ಕಾರದವರು ಭಾಳ ಚಲೋ ಕೆಲಸ ಮಾಡ್ತಾರ ಬಿಡು.’

ಕಳೆದ ಸೋಮವಾರ ಇನ್ನೊಂದು ಬಂತು ಕೈಗೆ.
ರಾಣಿಯ ಕೆನ್ನೆ ಇಲ್ಲ, ಮೂಗು ಎರಡು,
ಅಂಚು ಎದ್ದು ತುಟಿಯ ಹಾಗೆ ಮಡಚಿಕೊಂಡಿತ್ತು.
ರಾತ್ರಿಯಿಡೀ ನಿದ್ದೆಯಿಲ್ಲ.
ಮನಸ್ಸಿನಲ್ಲೇ ಮಾರಿದೆ, ಮತ್ತೆ ಮಾರಲಾರೆ ಎಂದೆ,
ಪೆಟ್ಟಿಗೆಯೊಂದನ್ನು ಮಾಡಿಸಿಯೂ ಆಗಿತ್ತು.

ಬುಧವಾರ ಟ್ರೆಂಬಾತ್ ಅದನ್ನು ಬೆಳಕಿಗೆ ಹಿಡಿದ,
ಉಗುರಿಲ್ಲದ ಹೆಬ್ಬೆರಳಿಂದ ಸವರಿದ.
‘ತಪ್ಪಲ್ಲ ಇದು. ಪೆಟ್ಟು.
ಲಾರಿ ಹತ್ತಿದೆ, ಇಲ್ಲವೆ ಯಾರೋ ಸುತ್ತಿಗೆ ಹಾಕಿದ್ದಾರೆ.
ಹುಟ್ಟುವಾಗ ಆದದ್ದು ತಪ್ಪು, ಅದಕ್ಕೆ ಬೆಲೆ.
ಆಮೇಲೆ ಆದದ್ದು ಗಾಯ.
ಗಾಯಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.’
ಒದ್ದೆ ಟವೆಲು ಹೆಗಲಿಗೆ ಹಾಕಿಕೊಂಡು ಹೋದ.
ಒಣಗಿಸಿಕೊಳ್ಳುವುದಿಲ್ಲ ಅವನು, ಎಂದೂ.

ಇವತ್ತು ನನ್ನ ಮನೆಯ ಕಂಬಳಿಗಳ ಸರದಿ.
ಒಂಬತ್ತನೇ ಯಂತ್ರಕ್ಕೆ ಹಾಕಿದೆ ಅದನ್ನೇ.
ಉಗುಳಿತು.
ಮತ್ತೆ ಹಾಕಿದೆ, ಉಗುಳಿತು.
ಇಲ್ಲಿಯವರೂ ಹಾಗೇ ಮಾಡುತ್ತಾರೆ, ಯಾಕೋ ಯಾರಿಗೂ ತಿಳಿಯದು,
ನಾಣ್ಯವನ್ನು ಯಂತ್ರದ ಮೈಗೆ ನಾಲ್ಕು ಸಲ ಉಜ್ಜಿ
ಮೆಲ್ಲಗೆ ಬಿಟ್ಟೆ.

ಒಳಗೆಲ್ಲೋ ತಡವರಿಸಿ, ಉರುಳಿ, ಬಿತ್ತು.
ನಲವತ್ತು ನಿಮಿಷ ಎಂದು ತೋರಿಸಿತು ಕೆಂಪು ಅಂಕಿ.
ಬೆಂಚಿನ ಮೇಲೆ ಕಾಲು ಮಡಚಿ ಕೂತೆ.
ಬಕೆಟ್ಟಿನಲ್ಲಿ ಇನ್ನೂ ಅರ್ಧ ಉಳಿದಿತ್ತು.