ಫ್ರೀಜರು ಖಾಲಿ ಮಾಡುವ ದಿನ

ನಾಳೆ ಬೀಗದ ಕೈ ಒಪ್ಪಿಸಬೇಕು.
ಬಾಗಿಲು ತೆಗೆದರೆ ಮುಖಕ್ಕೆ ಹೊಗೆ.
ಹೊಗೆಯಲ್ಲ, ಹೆಬ್ಬಾಳದ ಗಾಳಿಯೇ
ಮೈನಸ್ ಎಂಬತ್ತಕ್ಕೆ ಬೆದರಿ ಬಿಳಿಚಿಕೊಂಡದ್ದು.
ಎರಡು ಕೈಗವಸಿನೊಳಗೂ ಬೆರಳು ಮರಗಟ್ಟುತ್ತವೆ.
ಮಂಜು ಕೆರೆದಷ್ಟೂ ಕಾಣುವುದು
ಮೂವತ್ತೊಂದು ವರ್ಷದ ನನ್ನದೇ ಕೈಬರಹ.

ಎಮ್ಮೆ ಸಿಡುಬು, ದೇವನಹಳ್ಳಿ, ತೊಂಬತ್ತಾರು.
ಹಾಲು ಕರೆಯುವವಳ ಹೆಬ್ಬೆರಳಿನ ಹಕ್ಕಳೆ.
ಇದನ್ನ ಒಯ್ದು ಏನು ಮಾಡ್ತೀಯ, ಕೇಳಿದ್ದಳು.
ಸಾಕ್ತೀನಿ, ಅಂದಿದ್ದೆ.
ನಕ್ಕುಬಿಟ್ಟಳು. ನಾನು ನಿಜವನ್ನೇ ಹೇಳಿದ್ದೆ.

ಸಾಕಿದೆ.
ಕೋತಿಯ ಮೂತ್ರಪಿಂಡದ ಕೋಶಗಳನ್ನು
ತಟ್ಟೆಯ ತಳಕ್ಕೆ ಚಾಪೆಯ ಹಾಗೆ ಹಾಸಿ
ಅದರ ಮೇಲೆ ಬಿಟ್ಟೆ. ಮೂರನೆಯ ದಿನ
ಬಣ್ಣ ಸುರಿದು ತೊಳೆದರೆ
ಬದುಕಿದ್ದು ನೇರಳೆ, ಸತ್ತದ್ದು ತೂತು.
ತೂತು ಎಣಿಸುವುದೇ ನನ್ನ ಕಸುಬು.
ಮದುವೆಯ ಹಿಂದಿನ ಸಂಜೆಯೂ ಎಣಿಸಿದ್ದೇನೆ,
ಅರಿಶಿನದ ಬೆರಳಿಗೆ ಗವಸು ತೊಟ್ಟು.

ಗಾಜು ತೊಳೆಯುವ ಪಿಳ್ಳಮ್ಮನ ಮುಖದ ತುಂಬ
ಅವೇ ತೂತುಗಳು, ಯಾರೂ ಎಣಿಸದವು.
ಸೇರಿದ ವಾರವೇ ಬಾಗಿಲಲ್ಲಿ ನಿಂತಳು:
"ಅಮ್ಮನ್ನ ಪಿರಿಜ್ಜಿನಾಗೆ ಮಡಗಿದ್ದೀರಂತೆ, ದಿಟವಾ?"
ಅವಳಲ್ಲ ಪಿಳ್ಳಮ್ಮ, ಅವಳು ಊರು ಬಿಟ್ಟು ಎಷ್ಟೋ ಕಾಲವಾಯಿತು.
ಇವಳು ತಂಗಿ. ಅಷ್ಟೇನೂ ಸಿಟ್ಟಿಲ್ಲ.
"ತಂಗಿಯಾದ್ರೇನು, ಸಲ್ಲಬೇಕಾದ್ದು ಸಲ್ಲಬೇಕು."
ಅಂದಿನಿಂದ ಶುಕ್ರವಾರ ಶುಕ್ರವಾರ
ಫ್ರೀಜರಿನ ನೆತ್ತಿಗೆ ಒಂದೆಸಳು ಬೇವು.
ಸುರಕ್ಷತಾ ಸಮಿತಿ ಬರುವ ದಿನ ಮಾತ್ರ
ನಾನೇ ತೆಗೆದು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಕಂಡಾಗ
ಇಟ್ಟಿಗೆ. ಸಾಕ್ಷಾತ್ ಇಟ್ಟಿಗೆ,
ಹೊಸಕೋಟೆಯ ಗೂಡಿನಿಂದ ಈಗಷ್ಟೇ ಇಳಿಸಿದ ಹಾಗೆ.
ಇಟ್ಟಿಗೆಯೇ ಆಗಿದ್ದೂ ತನ್ನದೊಂದು ಗೋಡೆಯಿಲ್ಲ.
ಪರರ ಮನೆ ಹೊಕ್ಕು, ದೇವರ ಕೋಣೆಗೆ ಕಾಲಿಡದೆ
ನಡುಮನೆಯಲ್ಲೇ ಒಲೆ ಹೂಡುವ ಗತ್ತು.
ಎಷ್ಟು ಬೈದರೂ
ಆ ಗತ್ತನ್ನು ಮೆಚ್ಚದಿರಲು ನನ್ನಿಂದಾಗಲಿಲ್ಲ.

ಆಮೇಲೆ ಕಪ್ಪೆ.
ನೊರೆಯುಗುಳುವ ಕೆರೆಯ ಅಂಚಿನದು.
ಇಂಥ ಕೊಳೆನೀರಲ್ಲೂ ಇದರ ಗಾಯ ಕೀವಾಗದಲ್ಲ, ಯಾಕೆ?
ಬೆನ್ನಿನ ಲೋಳೆ ಹತ್ತಿಯಲ್ಲಿ ಒರೆಸಿಕೊಂಡು
ಅದನ್ನು ಅದರ ನೊರೆಗೇ ವಾಪಸು ಬಿಟ್ಟೆವು.
ಲೋಳೆಯಲ್ಲಿತ್ತು ಇಪ್ಪತ್ತಮೂರು ಮಣಿಯ ಸರ.
ವರದಿಯಲ್ಲಿ ಪೆಪ್ಟೈಡ್ ಎಂದು ಬರೆದೆ,
ಪಿಳ್ಳಮ್ಮನಿಗೆ ಸರ ಎಂದೇ ಹೇಳಿದೆ.
ಇಟ್ಟಿಗೆಯ ಮೇಲಿನ ಗಾರೆಯನ್ನು ಅದು ಸುಲಿಯುತ್ತಿತ್ತು.

ಆ ರಾತ್ರಿ ತಟ್ಟೆ ಪೂರ್ತಿ ನೇರಳೆ.
ಹನ್ನೊಂದೂವರೆ. ತೋರಿಸಲು ಕಾವಲಿನ ಫಯಾಜ್ ಒಬ್ಬನೇ.
ಟ್ಯೂಬ್‌ಲೈಟಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ
"ಏನೂ ಕಾಣ್ತಿಲ್ವಲ್ಲ ಮೇಡಂ" ಅಂದ.
ಅದೇ ಫಯಾಜ್. ಅದೇ.

ಕರುವಿನ ರಕ್ತದಲ್ಲಿ ನಾಲ್ಕೇ ನಿಮಿಷಕ್ಕೆ
ಸರ ಹರಿಯಿತು.
ಮಣಿ ಬದಲಿಸಿದೆ, ಹಿಂದುಮುಂದು ಪೋಣಿಸಿದೆ,
ಹನ್ನೊಂದು ವರ್ಷ. ಆರು ನಿಮಿಷ. ಒಂಬತ್ತು.
ಗಂಟುರೋಗದ ವರ್ಷ ಹಸುಗಳ ಮೈಯೆಲ್ಲ ಬುಗುಟು,
ಮಾಗಡಿ ಕಡೆಯಿಂದ ಯಾರೋ ಹೆಸರು ಹುಡುಕಿ ಫೋನು ಮಾಡಿದರು:
ನೀವು ಕಂಡುಹಿಡಿದ ಔಷಧಿ ಎಲ್ಲಿ ಸಿಗುತ್ತೆ?
ಇನ್ನೂ ತಟ್ಟೆಯಲ್ಲೇ ಇದೆ, ಅಂದೆ.
ಆ ಕಡೆ ಒಂದು ಹಸು ಕೂಗಿದ್ದು ಕೇಳಿಸಿತು.
ಫೋನು ಇಟ್ಟದ್ದು ಯಾರು ಮೊದಲು, ನೆನಪಿಲ್ಲ.

ಉಳಿದದ್ದೆಲ್ಲ ಆಟೋಕ್ಲೇವಿಗೆ.
ಹದಿನಾಲ್ಕನೆಯ ಡಬ್ಬಿ ಮಾತ್ರ ಸಿಂಚಲಾಳ ಕೈಗೆ.
ಸರ ಎಲ್ಲಿ ಹರಿಯೋದು ಮೇಡಂ?
ಒಂಬತ್ತನೆಯ ಮಣಿಯ ಹತ್ತಿರ. ನನ್ನ ನಂಬಬೇಡ, ನೀನೇ ಎಣಿಸು.

ಸ್ವಿಚ್ ಆರಿಸಿದೆ.
ಗುಂಯ್‌ಗುಡುವುದು ನಿಂತಿತು.
ಕರೆಂಟು ಹೋಯಿತೆಂದು
ಮೆಟ್ಟಿಲಿಳಿದು ಜನರೇಟರಿನ ಕಡೆ ಓಡುತ್ತಿದ್ದಾನೆ ಫಯಾಜ್,
ಮಂಡಿ ನೋವಿನ ಕಾಲೆಳೆಯುತ್ತ,
ಮೇಡಂ ಒಂದೇ ನಿಮಿಷ, ಒಂದೇ ನಿಮಿಷ ಎನ್ನುತ್ತ.