ಗುರುವಾರ ಮಾತ್ರ

ಮೀನು ಸೀಳುವ ಚೂರಿಯನ್ನು
ಮಗುವಿನ ಕೈಯಿಂದ ಬಿಡಿಸಿಕೊಳ್ಳುವಂತೆ
ಮೆಲ್ಲಗೆ ಬಿಡಿಸಿಕೊಂಡರು.
"ನಿನ್ನ ಒಳ್ಳೆಯದಕ್ಕೇ, ಐಲ್ಸಾ."
ಹನ್ನೊಂದು ವರ್ಷ ಹ್ಯಾಡಕ್ ಸೀಳಿದ ಕೈ ಅದು.
ಎರಡು ಸಲ ಬಿದ್ದೆ, ಅಷ್ಟೇ;
ಎರಡನೆಯದು ಮ್ಯಾನೇಜರನ ಕಣ್ಣೆದುರು.

ಕಾರು ಓಡಿಸುವಂತಿಲ್ಲ. ಏಣಿ ಹತ್ತುವಂತಿಲ್ಲ.
ಪೀಟರ್‌ಹೆಡ್ಡಿನಲ್ಲಿ ಮೀನು ಬಿಟ್ಟರೆ ಜೈಲು,
ಜೈಲು ಬಿಟ್ಟರೆ ಗಾಳಿ.
ಗಾಳಿಗೆ ಸಂಬಳ ಕೊಡುವವರಿಲ್ಲ.

ಡಾಕ್ಟರು ಕೊಟ್ಟ ಚೀಟಿಯಲ್ಲಿ ಒಂದು ವಿಳಾಸ:
ಅಂಗವಿಕಲರಿಗೆ ಉದ್ಯೋಗ ನೆರವು.
ಮೊದಲ ಪದದ ಮೇಲೆ ಹೆಬ್ಬೆರಳು ಒತ್ತಿಕೊಂಡೇ
ಬಸ್ಸಿನಲ್ಲಿ ಕೂತೆ, ಪಕ್ಕದವರು ಓದದ ಹಾಗೆ.
ಅಂಗಗಳೆಲ್ಲ ನೆಟ್ಟಗಿವೆ, ನೋಡಿ;
ನಾನು ವಿಕಲವಾಗುವುದು ತಿಂಗಳಿಗೆ ಮೂರು ನಿಮಿಷ.
ಉಳಿದ ದಿನಗಳೆಲ್ಲ ಆ ಮೂರು ನಿಮಿಷಕ್ಕೆ ಕಟ್ಟುವ ಬಡ್ಡಿ.

ಆ ವಿಳಾಸದಲ್ಲಿ ಈಗ ನಾಯಿಗಳ ಕೂದಲು ಕತ್ತರಿಸುತ್ತಾರೆ.
ಮೊಣಕೈವರೆಗೆ ನೊರೆ ಮೆತ್ತಿಕೊಂಡ ಹುಡುಗಿ
"ಲೈಬ್ರರಿಯಲ್ಲಿ ಕೇಳಿ" ಅಂದಳು.
ಲೈಬ್ರರಿಯವರು ಒಂದು ನಂಬರು ಕೊಟ್ಟರು.
ನಂಬರಿನೊಳಗೆ ಒಂದು ಪಿಟೀಲು. ಒಂದು ಒತ್ತಿ, ಮೂರು ಒತ್ತಿ,
ನಿಮ್ಮ ಕರೆ ನಮಗೆ ಮುಖ್ಯ.
ನನಗೂ ಮುಖ್ಯವೇ ಕಣಮ್ಮ,
ಈ ಬ್ಯಾಟರಿಗೆ ಮಾತ್ರ ಅಲ್ಲ.

ಕೊನೆಗೂ ಸಿಕ್ಕಿತು, ಚರ್ಚಿನ ಹಿಂದಿನ ಕೋಣೆ.
ಬಾಗಿಲ ಮೇಲೆ: ಗುರುವಾರ ಮಾತ್ರ.
ಅವತ್ತು ಶುಕ್ರವಾರ.

ಮೆಟ್ಟಿಲ ಮೇಲೆ ಕೂತು ಅಳುವುದಕ್ಕೆ
ವಾರದ ಕಟ್ಟುಪಾಡಿಲ್ಲವಲ್ಲ.
ಕಸ ಗುಡಿಸುತ್ತಿದ್ದ ಡೂಗಲ್ ಪೊರಕೆ ಒರಗಿಸಿ ಟೀ ತಂದ.
ಸಕ್ಕರೆ ಎಷ್ಟು ಅಂತ ಕೇಳಿದ, ಬೇರೇನೂ ಕೇಳಲಿಲ್ಲ.
ಆಮೇಲೆ ಟೀ ಪೊಟ್ಟಣ ಹರಿದು
ಒಳಮೈಯಲ್ಲಿ ಬರೆದುಕೊಟ್ಟ:
ಯೂಫೀಮಿಯಾ. ಒಂಬತ್ತಕ್ಕೇ ಬಾ.
ಎಡಗಿವಿ ಕೇಳುವುದಿಲ್ಲ, ಬಲಕ್ಕೆ ಕೂತುಕೋ.

ಬಲಕ್ಕೆ ಕೂತೆ.
ಅರ್ಜಿಯ ಉದ್ದಕ್ಕೂ ಏನು ಮಾಡಲಾರಿರಿ, ಏನು ಮಾಡಲಾರಿರಿ.
ಯೂಫೀಮಿಯಾ ಅದನ್ನು ಕವುಚಿಟ್ಟು
ಬೆನ್ನಿನ ಬಿಳಿ ಮೇಲೆ ಪೆನ್ನು ಇಟ್ಟಳು.
"ಅದು ಬರುವ ಮುಂಚೆ ನಿನಗೆ ಗೊತ್ತಾಗುತ್ತದಾ?"
ಯಾರೂ ಕೇಳಿರಲಿಲ್ಲ, ನನ್ನಮ್ಮ ಕೂಡ.
ಗೊತ್ತಾಗುತ್ತದೆ, ಅಂದೆ. ಸುಟ್ಟ ಕಿತ್ತಳೆ ಸಿಪ್ಪೆಯ ವಾಸನೆ.
ಆಮೇಲೆ, ಕೂರುವಷ್ಟು ಹೊತ್ತು ಇರುತ್ತದೆ.
"ಹಾಗಾದರೆ ಕುರ್ಚಿ ಬೇಕು."
ಅಷ್ಟೇ ಬರೆದಳು. ಕುರ್ಚಿ.

ನಾಲ್ಕು ಕಡೆ ಫೋನು ಮಾಡಿದಳು.
ಮೂರು ಕಡೆ "ಅಯ್ಯೋ ಪಾಪ" ಅಂದರು.
ನಾಲ್ಕನೆಯ ಸ್ಟ್ರಾಕನ್ ಮುದುಕ
"ಎಷ್ಟು ಗಂಟೆಗೆ ಬರ್ತಾಳೆ?" ಅಂದ.

ಈಗ ಬಂದರಿನ ಅಂಗಡಿಯಲ್ಲಿ
ಲೈಫ್ ಜಾಕೆಟ್ಟು ಪರೀಕ್ಷಿಸುತ್ತೇನೆ.
ಗಾಳಿ ತುಂಬಿ ಒಂದು ರಾತ್ರಿ ಬಿಡುವುದು,
ಬೆಳಿಗ್ಗೆ ಒತ್ತಿ ನೋಡುವುದು, ಎಲ್ಲಿ ಸೋರಿದೆ ಅಂತ.
ಗಾಳಿಗೂ ಸಂಬಳ ಉಂಟು!
ಮೊದಲ ದಿನ ಯೂಫೀಮಿಯಾ ತಾನೇ ಬಂದು
ಅರವತ್ತು ದಾಟಿದ ಮೈಯನ್ನು ನೆಲಕ್ಕೆ ಚೆಲ್ಲಿ ತೋರಿಸಿದಳು:
"ಹೀಗೆ ಮಗ್ಗುಲಾಗಿಸಿ. ತಲೆಯಡಿ ಕೋಟು.
ಬಾಯಿಗೆ ಏನೂ ತುರುಕಬೇಡಿ. ಗಡಿಯಾರ ನೋಡಿ,
ಐದು ನಿಮಿಷ ದಾಟಿದರೆ ಆಂಬುಲೆನ್ಸು."
ಲಿತುವೇನಿಯಾದ ರಾಸಾ ಅಂಗೈಮೇಲೆ ಬರೆದುಕೊಂಡಳು.
ಯೂಫೀಮಿಯಾಳನ್ನು ಎಬ್ಬಿಸಲು ಮೂವರು ಬೇಕಾಯಿತು.

ಮೂರನೇ ವಾರ. ಹೊರಗೆ ಆಲಿಕಲ್ಲು.
ಇದ್ದಕ್ಕಿದ್ದಂತೆ
ಆ ವಾಸನೆ.
ಜಾಕೆಟ್ಟು ಕೆಳಗಿಟ್ಟೆ. ಕುರ್ಚಿ ಹಿಡಿದೆ. ಬರ್ತಿದೆ, ಅಂದೆ.
ಅಷ್ಟರಲ್ಲೇ ರಾಸಾಳ ಕೋಟು ಅವಳ ಕೈಯಲ್ಲಿತ್ತು,
ಸ್ಟ್ರಾಕನ್ ಗಡಿಯಾರಕ್ಕೆ ಕಣ್ಣು ನೆಟ್ಟಿದ್ದ.
ಒಂದು ನಿಮಿಷ.
ಎರಡು.
ಗಿರಾಕಿಯೊಬ್ಬ ಹಗ್ಗದ ಸುರುಳಿ ಹಿಡಿದು ನಿಂತೇ ಇದ್ದ.
ಬರಲಿಲ್ಲ.

ಹೀಟರಿನ ಮೇಲೆ, ರಾಸಾಳೇ ಒಣಗಲಿಟ್ಟ
ಕಿತ್ತಳೆ ಸಿಪ್ಪೆ ಕರಕಲಾಗುತ್ತಿತ್ತು.

ಇಕ್ಕಳದಲ್ಲಿ ಹಿಡಿದು ಅದನ್ನು ಸಮುದ್ರಕ್ಕೆಸೆದು ಬಂದು
ಸ್ಟ್ರಾಕನ್ ಕೈ ಒರೆಸಿಕೊಳ್ಳುತ್ತ ಅಂದ:
"ಇನ್ನು ಮೇಲೆ ಈ ಅಂಗಡಿಯಲ್ಲಿ
ಸೇಬು ಮಾತ್ರ."