ಎಡಗಡೆಯ ಗಂಟೆ

ಹಲ್ಲಿನಲ್ಲಿ ಕಚ್ಚಿ ಹಿಡಿದು ಬಡಿಯುತ್ತೇನೆ ಗಂಟೆಯನ್ನು.
ನಲವತ್ತು ವರ್ಷದ ಸುತ್ತಿಗೆ ಕಿವಿ ತಿಂದುಹಾಕಿದೆ,
ದವಡೆ ಇನ್ನೂ ಸುಳ್ಳು ಹೇಳುವುದಿಲ್ಲ.
ತೊನಾರದ ಮಕ್ಕಳು ಕಿಟಕಿಯಲ್ಲಿ ಇಣುಕುತ್ತಾರೆ:
ನೋಡ್ರೋ, ಬೊನಾರಿಯಜ್ಜಿ ಕಬ್ಬಿಣ ತಿಂತಿದಾಳೆ!

ನಗಲಿ ಬಿಡಿ.
ತಗಡು ಕತ್ತರಿಸಬೇಕು, ಅಂಗಿಯ ತೋಳು ಕತ್ತರಿಸಿದ ಹಾಗೆ,
ಮಡಿಚಿ, ಕಲ್ಲಿನ ಕುಳಿಯಲ್ಲಿಟ್ಟು ಬಡಿದು ಹೊಟ್ಟೆ ಬರಿಸಬೇಕು.
ಹಿತ್ತಾಳೆಯ ಚೂರು (ಮುರಿದ ನಲ್ಲಿ, ಬೀಗದ ಕೈ,
ಒಮ್ಮೆ ಯಾರದೋ ಶವಪೆಟ್ಟಿಗೆಯ ಹಿಡಿ, ನಾನು ಕೇಳಲಿಲ್ಲ)
ಒಳಗಿಟ್ಟು, ಹುಲ್ಲು ಕಲಸಿದ ಜೇಡಿಮಣ್ಣಲ್ಲಿ
ಕಡುಬಿನ ಹಾಗೆ ಮುಚ್ಚಿ, ಕುಲುಮೆಗೆ.
ಮಣ್ಣಿನ ಬಿರುಕಿನಿಂದ ಹಸಿರು ಜ್ವಾಲೆ ನಾಲಗೆ ಚಾಚಿದರೆ
ಹಿತ್ತಾಳೆ ಕರಗಿ ಮೈಗೆಲ್ಲ ಹರಿದಿದೆ ಎಂದು ಲೆಕ್ಕ.

ವರ್ಷವಿಡೀ ಕುರಿಗಳಿಗೆ. ಜನವರಿ ಬಂತೆಂದರೆ ರಾಕ್ಷಸರಿಗೆ.
ಮಮೊಯಾದದ ಗಂಡಸರು ಕರಿಮರದ ಮುಖವಾಡ ಹೊಕ್ಕು,
ಕುರಿತೊಗಲು ತೊಟ್ಟು, ಬೆನ್ನಿಗೆ ಮೂವತ್ತು ಕಿಲೋ ಗಂಟೆ ಬಿಗಿದು
ಮಾತಿಲ್ಲದೆ ನಡೆಯುತ್ತಾರೆ. ಮೈ ಕೊಡವಿದರೆ ಬೀದಿ ನಡುಗುತ್ತದೆ.
ಆ ಭಾರ ಹೆಂಗಸಿಗಿಲ್ಲ.
ಅವರು ಜಿಗಿದಾಗ ಜುಮ್ಮೆನ್ನುವುದು ಮಾತ್ರ ನನ್ನ ಹಲ್ಲು.

ಬಾಕೀಸ್ ಬಂದ, ಅಪ್ಪನ ಗಂಟೆಗಳನ್ನು ಗೋಣಿಯಲ್ಲಿ ಹೊತ್ತು.
ಎಡಭುಜದ ಕೆಳಗೊಂದು ಪಟ್ಟಿ ಬರಿದು.
ಅಲ್ಲಿದ್ದುದನ್ನು ಮಿಯಾಲಿ ಒಂದು ಕುಂಟ ಕುರಿಗೆ ಕಟ್ಟಿದ್ದನಂತೆ,
ಕುರಿ ಕಣಿವೆಗೆ ಬಿತ್ತು, ಗಂಟೆಯೂ.
ಹುಡುಗನ ತುಟಿ ನೋಡಿ ತಿಳಿದೆ:
'ಹದಿನೆಂಟು ವರ್ಷ ಹಾಗೇ ಕುಣಿದ. ಈ ಸಲ ನಾನು.
ತುಂಬಿಸಿಕೊಡು, ಅಜ್ಜಿ.'

ಮೊದಲೆರಡು ಬೊಗಳಿದವು, ಹಾಡಲಿಲ್ಲ.
ಮೂರನೆಯದು ದವಡೆಯಲ್ಲಿ ಸರಿಯಾಗಿ ಕೂತಿತು.
ಕುರಿಯ ಮೂಳೆಯ ನಾಲಗೆ ಕಟ್ಟಿದೆ.
ಅಂಗಳದಲ್ಲಿ ಹೊತ್ತು ನಿಂತ. ಎಡಹೆಜ್ಜೆ, ಬಲಹೆಜ್ಜೆ, ಒಂದು ಜಿಗಿತ.
ಬಾಗಿಲಿಗೆ ಅಂಗೈಯೊತ್ತಿ ಕೇಳಿದೆ:
ತುಂಬಿದ ಕೊಡ. ಎಲ್ಲೂ ಸೋರಿಲ್ಲ.

ಅವನ ಮುಖ ಇಳಿದಿತ್ತು.
ಇನ್ನೊಮ್ಮೆ ಜಿಗಿದ. 'ಇದು ಬೇರೆ ಯಾರೋ.'

ಚಿಕ್ಕವನಾಗಿದ್ದಾಗ ಕಂಬಳಿಯೊಳಗೆ ಕೇಳುತ್ತಿದ್ದನಂತೆ
ಝಣ್, ಝಣ್, ನಡುವೆ ಒಂದು ತೂತು.
ಆ ತೂತು ಬೀದಿ ತಿರುಗಿತೆಂದರೆ ಅಪ್ಪ ಬಂದ.
ಹನ್ನೆರಡು ರಾಕ್ಷಸರಲ್ಲಿ ತನ್ನವನು ಯಾರೆಂದು
ಕಣ್ಣು ಮುಚ್ಚಿಯೇ ಗೊತ್ತು.

ಹಾಗಾದರೆ ಬರಿದೇ ಬಿಡು, ಅಂದೆ.
'ಎಡಗಡೆ ಹಗುರ. ಅಪ್ಪನಿಗೆ ಒಗ್ಗಿತ್ತು. ನಾನು ವಾಲಿ ಬೀಳುತ್ತೇನೆ.'

ಇಕ್ಕಳ ಹುಡುಕಿದೆ.
ನನ್ನ ಕಸುಬಿನವರು ಮಾಡಬಾರದ್ದು:
ಒಳ್ಳೆಯ ಗಂಟೆಯ ನಾಲಗೆ ಕಿತ್ತೆ.
ತೂಕ ಇರಲಿ, ದನಿ ಬೇಡ.

ಹಣ ಪೂರ್ತಿ ಎಣಿಸಿಕೊಂಡೆ, ಕೆಟ್ಟ ಎರಡರ ಹಿತ್ತಾಳೆಯನ್ನೂ ಸೇರಿಸಿ.
ಅವನು ಇಳಿಜಾರಿನಲ್ಲಿ ಹೋದ, ಗೋಣಿ ಕುಲುಕುತ್ತ.

ಸಂಜೆ ಬೆಂಕಿಕಡ್ಡಿಗೆ ತಡಕಾಡಿದರೆ
ಜೇಬಿನಲ್ಲಿ ಸಿಕ್ಕಿದ್ದು ಆ ಮೂಳೆ.
ಹಲ್ಲಿಗೊತ್ತಿ ನೋಡಿದೆ.
ಏನಿಲ್ಲ. ಸ್ವಲ್ಪ ಉಪ್ಪು.